ವ್ಯಾಸ ಹೊಂದಿತೆಂದು 17 ಇಂಚಿನ ರಿಮ್ ಹಾಕಿಸಬೇಡಿ: ದಿನಾ 150 ಕಿ.ಮೀ. ಓಡುವ ಒಂದು ಕಾರಿಗೆ ಆದದ್ದು

ದಿನಕ್ಕೆ 150 ಕಿ.ಮೀ.ನಂತೆ ತಿಂಗಳಿಗೆ 25 ದಿನ ಓಡುವ ಹ್ಯಾಚ್‌ಬ್ಯಾಕ್ ಅದು. ಕಂಪನಿಯಿಂದ ಬಂದಿದ್ದು 185/65 ಆರ್15 88ಎಚ್ ಟೈರ್, 6ಜೆ ರಿಮ್, ಇಟಿ45 ಆಫ್‌ಸೆಟ್. 185 ಎಂದರೆ ಟೈರಿನ ಅಗಲ ಮಿ.ಮೀ.ಗಳಲ್ಲಿ, 65 ಎಂದರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು, 15 ರಿಮ್ಮಿನ ವ್ಯಾಸ ಇಂಚಿನಲ್ಲಿ, 88 ಭಾರದ ಗುರುತು, ಎಚ್ ವೇಗದ ಗುರುತು. 6ಜೆ ಎಂದರೆ ರಿಮ್ಮಿನ ಅಗಲ 6 ಇಂಚು, ಇಟಿ ಅಥವಾ ಆಫ್‌ಸೆಟ್ ಎಂದರೆ ರಿಮ್ಮಿನ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖ ಎಷ್ಟು ಮಿ.ಮೀ. ದೂರ ಎಂಬುದು. ಟೈರ್ ಸವೆದಾಗ ರಿಮ್ಮನ್ನೂ ಸೇರಿಸಿ ಬದಲಿಸಿ 215/45 ಆರ್17 87 ಟೈರನ್ನು 7ಜೆ, ಇಟಿ38 ಅಲಾಯ್ ಮೇಲೆ ಕೂರಿಸಲಾಯಿತು. ಕೂರಿಸುವ ಮುಂಚೆ ನೋಡಿದ್ದು ಹೊರವ್ಯಾಸ ಒಂದನ್ನೇ. ಹಳೆಯದು 621.5 ಮಿ.ಮೀ., ಹೊಸದು 625.3 ಮಿ.ಮೀ. ವ್ಯತ್ಯಾಸ ಶೇ 0.6. ಹೇಳಿ ಮಾಡಿಸಿದಂತಿದೆ ಎಂದರು ಅಂಗಡಿಯವರು. ಎಂಟು ತಿಂಗಳಲ್ಲಿ, ಸುಮಾರು 30,000 ಕಿ.ಮೀ. ಮುಗಿಯುವಷ್ಟರಲ್ಲಿ, ಎರಡು ಟೈರ್ ಉಬ್ಬಿ ಎಸೆಯಬೇಕಾಯಿತು, ಒಂದು ರಿಮ್ ಬಾಗಿತು, ಮುಂದಿನ ಚಕ್ರದ ಬೇರಿಂಗ್ ಗುಂಯ್‌ಗುಡತೊಡಗಿತು. ಇವುಗಳಲ್ಲಿ ಒಂದಕ್ಕೂ ವ್ಯಾಸ ಕಾರಣವಲ್ಲ.

ವ್ಯಾಸದ ಲೆಕ್ಕ ಸುಲಭ. ಅಗಲವನ್ನು ಶೇಕಡಾವಾರು ಸಂಖ್ಯೆಯಿಂದ ಗುಣಿಸಿದರೆ ಟೈರಿನ ಪಕ್ಕದ ಗೋಡೆಯ ಎತ್ತರ ಸಿಗುತ್ತದೆ. ಅದರ ಎರಡರಷ್ಟಕ್ಕೆ ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ ಕೂಡಿದರೆ ವ್ಯಾಸ. ಆದರೆ ಇದೇ ಲೆಕ್ಕದ ಮಧ್ಯದಲ್ಲಿ ಎಚ್ಚರಿಕೆಯೂ ಕೂತಿದೆ. 185/65ರ ಗೋಡೆ 120 ಮಿ.ಮೀ., 215/45ರದ್ದು 97 ಮಿ.ಮೀ. ರಿಮ್ಮಿಗೂ ರಸ್ತೆಗೂ ನಡುವೆ ಇದ್ದ ಗಾಳಿಯ ಹಾಸಿಗೆಯಲ್ಲಿ 23 ಮಿ.ಮೀ. ಹೋಯಿತು. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಆ ಗೋಡೆ ರಸ್ತೆಗೂ ರಿಮ್ಮಿನ ತುಟಿಗೂ ಸಿಕ್ಕಿ ಹಿಸುಕಿಹೋಗುತ್ತದೆ. ಮೇಲಿನ ರಬ್ಬರ್ ಹಾಗೇ ಇರುತ್ತದೆ, ಒಳಗಿನ ದಾರಗಳು ಕಡಿಯುತ್ತವೆ. ಕೆಲವು ದಿನಗಳ ಮೇಲೆ ಅಲ್ಲಿ ಗುಳ್ಳೆಯಂತೆ ಉಬ್ಬು ಏಳುತ್ತದೆ. ಉಬ್ಬಿದ ಟೈರಿಗೆ ರಿಪೇರಿಯೇ ಇಲ್ಲ, ಹೆದ್ದಾರಿ ವೇಗದಲ್ಲಿ ಅದು ಯಾವಾಗ ಬೇಕಾದರೂ ಒಡೆಯಬಹುದು. ದಿನವೂ ಒಂದೇ ದಾರಿಯಲ್ಲಿ ಹೋಗಿ ಬರುವ ಕಾರು ಅದೇ ಗುಂಡಿಗಳನ್ನು ಎರಡೆರಡು ಸಲ ದಾಟುತ್ತದೆ ಎಂಬುದು ನೆನಪಿರಲಿ.

ರಿಮ್ ಬಾಗಿದ್ದು ಕಣ್ಣಿಗೆ ಬೀಳಲಿಲ್ಲ, ಬಾಗಿದ್ದು ಒಳಗಿನ ತುಟಿ. ಸುಳಿವು ಕೊಟ್ಟಿದ್ದು ಗಾಳಿ. ಸುಸ್ಥಿತಿಯ ಟೈರ್ ತಿಂಗಳಿಗೆ ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಳೆದುಕೊಳ್ಳುತ್ತದೆ, ಇದು ವಾರಕ್ಕೆ 3–4 ಕಳೆದುಕೊಳ್ಳುತ್ತಿತ್ತು. ಪಂಕ್ಚರ್ ಹುಡುಕಿ ಹುಡುಕಿ ಸಿಗದಿದ್ದರೆ ಚಕ್ರ ಬಿಚ್ಚಿ, ತಿರುಗಿಸಿ, ಒಳಗಿನ ಅಂಚು ಓಲಾಡುತ್ತದೆಯೇ ನೋಡಿ. ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಮಾಡಿಸಿ ಮತ್ತೆ ಹೆದ್ದಾರಿಗೆ ಇಳಿಸುವ ಕೆಲಸ ದಯವಿಟ್ಟು ಮಾಡಬೇಡಿ.

ಅತಿ ದೊಡ್ಡ ತಪ್ಪು ಮಾತ್ರ ಟೈರಿನ ಮೇಲೆಯೇ ಅಚ್ಚಾಗಿತ್ತು, ಯಾರೂ ಓದಲಿಲ್ಲ. ಅಳತೆಯ ನಂತರ ಬರುವ ಸಂಖ್ಯೆ ಟೈರ್ ಹೊರಬಲ್ಲ ಭಾರದ ಗುರುತು. 88 ಎಂದರೆ 560 ಕೆ.ಜಿ., 87 ಎಂದರೆ 545, 84 ಎಂದರೆ 500, 91 ಎಂದರೆ 615. ಅಗಲ ಹೆಚ್ಚಿದ ಟೈರ್ ಹೆಚ್ಚು ಭಾರ ಹೊರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲಿ ಅಗಲ 30 ಮಿ.ಮೀ. ಹೆಚ್ಚಿತು, ಹೊರುವ ಶಕ್ತಿ ಚಕ್ರಕ್ಕೆ 15 ಕೆ.ಜಿ. ಕಡಿಮೆಯಾಯಿತು. ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಸಂಖ್ಯೆಯ ಟೈರನ್ನು ಯಾವ ಕಾರಣಕ್ಕೂ ಹಾಕಿಸಬಾರದು. ಇನ್ನೊಂದು ಸೂಕ್ಷ್ಮವೂ ಇದೆ. ಸಾಮಾನ್ಯ ಟೈರ್ ಆ ಪೂರ್ತಿ ಭಾರವನ್ನು ಹೊರುವುದು 36 ಪಿಎಸ್‌ಐ ಗಾಳಿಯಲ್ಲಿ, ಎಕ್ಸ್‌ಎಲ್ (ಹೆಚ್ಚು ಭಾರ ಹೊರಲು ಮಾಡಿದ್ದು) ಎಂದು ಬರೆದ ಟೈರ್ 42ರಲ್ಲಿ. 91 ಎಕ್ಸ್‌ಎಲ್ ಹಾಕಿಸಿ ಬಾಗಿಲ ಸ್ಟಿಕ್ಕರ್ ನೋಡಿ 33 ತುಂಬಿಸಿದರೆ ಆ 615 ಕೆ.ಜಿ. ನಿಮಗೆ ಸಿಗುವುದಿಲ್ಲ. ಸ್ಟಿಕ್ಕರಿನ ಸಂಖ್ಯೆ ಕಂಪನಿ ಅಳತೆಯ ಟೈರಿಗಷ್ಟೇ ಸಲ್ಲುತ್ತದೆ. ಈ ಕಾರಿನಲ್ಲಿ ಕಡಿಮೆ ಗಾಳಿ, ಗಿಡ್ಡ ಗೋಡೆ, ತುಂಬಿದ ಡಿಕ್ಕಿ ಮೂರೂ ಒಟ್ಟಾದವು. ಮೊದಲು ಉಬ್ಬಿದ್ದು ಹಿಂದಿನ ಟೈರ್.

ಬೇರಿಂಗಿನ ಕಥೆ ಆಫ್‌ಸೆಟ್ಟಿನದು. 6ಜೆಯಿಂದ 7ಜೆಗೆ ಹೋದರೆ ರಿಮ್ 25.4 ಮಿ.ಮೀ. ಅಗಲವಾಗುತ್ತದೆ, ಪ್ರತಿ ಬದಿಗೆ 12.7. ಇಟಿ 45ರಿಂದ 38ಕ್ಕೆ ಇಳಿದರೆ ಇಡೀ ಚಕ್ರ 7 ಮಿ.ಮೀ. ಹೊರಕ್ಕೆ ಸರಿಯುತ್ತದೆ. ಅಂದರೆ ಹೊರ ಅಂಚು 19.7 ಮಿ.ಮೀ. ಆಚೆ, ಒಳ ಅಂಚು 5.7 ಮಿ.ಮೀ. ಒಳಗೆ. ಖಾಲಿ ಕಾರಿನಲ್ಲಿ ಏನೂ ತಾಗಲಿಲ್ಲ. ಐದು ಜನ ಕೂತು ಹಂಪ್ ಹಾರಿದಾಗ ಹಿಂದಿನ ಟೈರ್ ಮಡ್‌ಗಾರ್ಡಿನ ಒಳ ಅಂಚಿಗೆ ಉಜ್ಜಿತು. ಅಂಗಡಿಯಲ್ಲಿ ಖಾಲಿ ಕಾರನ್ನು ತೋರಿಸಿ ತಾಗುವುದಿಲ್ಲ ಎಂದರೆ ನಂಬಬೇಡಿ, ಪೂರ್ತಿ ಭಾರ ಹಾಕಿ, ಸ್ಟೀರಿಂಗ್ ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ ನೋಡಿ. ಚಕ್ರ ಹೊರಕ್ಕೆ ಸರಿದಷ್ಟೂ ಪ್ರತಿ ಗುಂಡಿಯ ಪೆಟ್ಟು ಬೇರಿಂಗ್ ಮೇಲೆ ಉದ್ದದ ಸನ್ನೆಗೋಲಿನಂತೆ ಬೀಳುತ್ತದೆ, ಸ್ಟೀರಿಂಗೂ ರಸ್ತೆಯ ಏರುತಗ್ಗಿಗೆ ಅತ್ತಿತ್ತ ಎಳೆಯತೊಡಗುತ್ತದೆ.

90 ಕಿ.ಮೀ. ವೇಗದ ಆಸುಪಾಸಿನಲ್ಲಿ ಸ್ಟೀರಿಂಗ್ ನಡುಗುತ್ತಿತ್ತು. ಮೂರು ಸಲ ಬ್ಯಾಲೆನ್ಸಿಂಗ್ ಆಯಿತು, ಮೂರು ಸಲವೂ ಯಂತ್ರ ಸೊನ್ನೆ ತೋರಿಸಿತು. ತೋರಿಸಲೇಬೇಕು, ಏಕೆಂದರೆ ಯಂತ್ರದಲ್ಲಿ ಚಕ್ರ ತನ್ನದೇ ನಡುತೂತಿನ ಮೇಲೆ ಶಂಕುವಿನಿಂದ ಕೂರುತ್ತದೆ. ಕಾರಿನ ಹಬ್, ಅಂದರೆ ಚಕ್ರದ ನಡುತೂತು ಕೂರುವ ಭಾಗ, 54.1 ಮಿ.ಮೀ., ಹೊಸ ರಿಮ್ಮಿನ ನಡುತೂತು 73.1. ನಡುವಿನ ಜಾಗ ತುಂಬುವ ಹಬ್ ರಿಂಗ್ ಹಾಕಿರಲಿಲ್ಲ, ಚಕ್ರ ನಟ್‌ಗಳ ಹಿಡಿತದಲ್ಲೇ ಮಧ್ಯ ಹುಡುಕಿಕೊಳ್ಳಬೇಕಿತ್ತು. ಸರಿಯಾದ ಅಳತೆಯ ನಾಲ್ಕು ರಿಂಗ್ ಬಿದ್ದ ಮೇಲೆ ನಡುಕ ನಿಂತಿತು. ನಟ್‌ಗಳ ತಳದ ಆಕಾರವನ್ನೂ ಗಮನಿಸಿ. ಶಂಕುವಿನಾಕಾರದ ನಟ್ಟನ್ನು ರಿಮ್ಮಿನ ಗೋಲಾಕಾರದ ಕುಳಿಯಲ್ಲಿ ಬಿಗಿ ಮಾಡಿದರೆ ಅದು ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. 12 ಮಿ.ಮೀ. ದಪ್ಪ, 1.5 ಮಿ.ಮೀ. ಹೆಜ್ಜೆಯ (ಎರಡು ಎಳೆಗಳ ನಡುವಿನ ಅಂತರ) ಸ್ಟಡ್‌ಗೆ ನಟ್ ಕನಿಷ್ಠ 8 ಸುತ್ತು ಹತ್ತಬೇಕು.

ಮೈಲೇಜ್ ಬಗ್ಗೆ ನ್ಯಾಯವಾಗಿ ಹೇಳಬೇಕು. ಇಳಿದಿದ್ದು ನಿಜ, ಆದರೆ ಮೀಟರ್ ತೋರಿಸಿದಷ್ಟಲ್ಲ. ಎಂಟು ಮಿ.ಮೀ. ಇದ್ದ ಹೂವು, ಅಂದರೆ ಟೈರಿನ ಮೇಲಿನ ಟ್ರೆಡ್, 1.6ರ ಗುರುತಿಗೆ ಸವೆದಾಗ ಹಳೆಯ ಟೈರಿನ ವ್ಯಾಸ ಸುಮಾರು 609 ಮಿ.ಮೀ.ಗೆ ಇಳಿದಿತ್ತು. ಅಲ್ಲಿಂದ 625ಕ್ಕೆ ಜಿಗಿದಾಗ ಅದೇ 150 ಕಿ.ಮೀ. ದಾರಿ ಮೀಟರಿನಲ್ಲಿ ಸುಮಾರು 146 ಆಯಿತು. ಜಿಪಿಎಸ್ ದೂರ ಹಿಡಿದು ಲೆಕ್ಕ ಮಾಡದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಹೊಸ ಟೈರ್ ಪೂರ್ತಿ ಹೂವಿನಿಂದಾಗಿ ಸವೆದದ್ದಕ್ಕಿಂತ ಭಾರವಾಗಿಯೇ ಉರುಳುತ್ತದೆ. ಉಳಿದ ನಷ್ಟಕ್ಕೆ ಅಗಲ ಮತ್ತು ತೂಕ ಕಾರಣ.

ಮಳೆಯಲ್ಲಿ ನಿಂತ ನೀರಿನ ಮೇಲೆ ಅಗಲದ ಟೈರ್ ಬೇಗ ತೇಲುತ್ತದೆ, ಹೂವು 3 ಮಿ.ಮೀ.ಗಿಂತ ಕೆಳಗಿಳಿದ ಮೇಲಂತೂ ಹೆದ್ದಾರಿಗೆ ಅದು ಬೇಡ.

ಹಾಗಾದರೆ ದೂರ ಓಡುವ ಕಾರಿಗೆ ಏನು? 15 ಇಂಚಿನ ರಿಮ್ ಉಳಿಸಿಕೊಂಡು ಒಳ್ಳೆಯ 185/65 88 ಟೈರ್ ಹಾಕಿಸಿ. ಅಗಲ ಬೇಕೇಬೇಕೆಂದರೆ 195/60 ಆರ್15 88 ಇದೆ. ವ್ಯಾಸ 615 ಮಿ.ಮೀ., ಭಾರ ಅದೇ 560 ಕೆ.ಜಿ. ಹೆಚ್ಚು ಬೆಲೆಯ ಮಾಡೆಲ್ 17 ಇಂಚಿನಲ್ಲಿ ಬಂದಿದ್ದರೆ ಅದೇ ಕಾರಿನ ಕೆಳಗಿನ ಮಾಡೆಲ್ಲಿನ ಚಿಕ್ಕ ರಿಮ್ಮಿಗೆ ಇಳಿಯಬಹುದು, ಆದರೆ ಬ್ರೇಕ್ ಕ್ಯಾಲಿಪರ್ (ಬ್ರೇಕ್ ತಟ್ಟೆಯನ್ನು ಹಿಡಿಯುವ ಭಾಗ) ದೊಡ್ಡದಿದ್ದರೆ ಅದು ಕೂರುವುದಿಲ್ಲ, ಮೊದಲು ಕೂರಿಸಿ ನೋಡಿ. ಸವೆತದ ಅಂಕಿ, ಅಂದರೆ ಟ್ರೆಡ್‌ವೇರ್ ಸಂಖ್ಯೆಯನ್ನು ಒಂದೇ ತಯಾರಕರ ಟೈರುಗಳ ನಡುವೆ ಮಾತ್ರ ಹೋಲಿಸಿ, ಅದನ್ನು ಕೊಡುವವರು ತಯಾರಕರೇ. ನಾಲ್ಕೂ ಟೈರಿನ ಪಕ್ಕದ ಗೋಡೆಯಲ್ಲಿ ಡಾಟ್ (DOT) ಎಂಬ ಅಕ್ಷರಗಳ ಮುಂದಿರುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ, ಅದು ಟೈರ್ ತಯಾರಾದ ವಾರ ಮತ್ತು ವರ್ಷ. 2324 ಎಂದರೆ 2024ರ 23ನೇ ವಾರ.

ಆಗಲೇ ದೊಡ್ಡ ರಿಮ್ ಹಾಕಿಸಿದವರು ಇವತ್ತೇ ಭಾರದ ಸಂಖ್ಯೆ ಓದಿ, ತಣ್ಣಗಿರುವಾಗ ಗಾಳಿ ಅಳೆಯಿರಿ, ಹಬ್ ರಿಂಗ್ ಇದೆಯೇ ಬಿಚ್ಚಿ ನೋಡಿ. ನಟ್‌ಗಳನ್ನು ಕೈಪಿಡಿಯ ಅಳತೆಗೆ ಟಾರ್ಕ್ ರೆಂಚಿನಿಂದಲೇ ಬಿಗಿದು, 100 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಸ್ಟೆಪ್ನಿ ಇನ್ನೂ ಹಳೆಯ ಸ್ಟೀಲ್ ರಿಮ್ಮಿನದಾದರೆ ಅದರ ನಟ್‌ಗಳ ಒಂದು ಸೆಟ್ ಡಿಕ್ಕಿಯಲ್ಲಿರಲಿ. ಬಿಚ್ಚಿಟ್ಟ 15 ಇಂಚಿನ ರಿಮ್‌ಗಳನ್ನು ಇನ್ನೂ ಮಾರಿಲ್ಲದಿದ್ದರೆ, ಮಾರಬೇಡಿ.