ದಿಶಾಂಕ್ ಆ್ಯಪ್: ಜಮೀನು ಗುರುತಿಸಲು ಇರಲಿ, ಬೇಲಿ ಹಾಕಲು ಬೇಡ

ಜಮೀನು ಅಳೆಯುವುದು ನನ್ನ ಕೆಲಸ. ತಿಪಟೂರು ಕಡೆಯ ತೆಂಗಿನ ತೋಟಗಳಲ್ಲೇ ದಿನದ ಅರ್ಧ ಕಳೆಯುತ್ತದೆ. ಮೊದಲು ಜನ ಫೋನ್ ಮಾಡಿ "ಯಾವತ್ತು ಬರ್ತೀರಿ" ಅಂತ ಕೇಳುತ್ತಿದ್ದರು. ಈಗ ಮೊದಲು ಬರುವುದು ದಿಶಾಂಕ್‌ನ ಸ್ಕ್ರೀನ್‌ಶಾಟ್. ಜೊತೆಗೆ ಒಂದು ಮಾತು: "ನೋಡಿ ಸಾರ್, ನಮ್ಮ ಜಾಗ ಪಕ್ಕದವರ ತೋಟದೊಳಗೆ ಹೋಗಿದೆ."

ಒಳ್ಳೆಯದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಇದು ನಿಜವಾಗಿಯೂ ಒಳ್ಳೆಯ ಆ್ಯಪ್. ರಾಜ್ಯದ ದೂರ ಸಂವೇದಿ ಕೇಂದ್ರ ಮಾಡಿದ್ದು, ದುಡ್ಡು ಕೊಡಬೇಕಿಲ್ಲ. ಹೊಲದಲ್ಲಿ ನಿಂತು ತೆರೆದರೆ ನಿಂತ ಜಾಗದ ಸರ್ವೆ ನಂಬರ್, ಊರು, ಹೋಬಳಿ, ತಾಲ್ಲೂಕು ಬರುತ್ತದೆ. ಹಿಸ್ಸಾ ನಂಬರ್ (ಸರ್ವೆ ನಂಬರಿನೊಳಗಿನ ಪಾಲಿನ ನಂಬರ್) ಆರಿಸಿದರೆ ಪಹಣಿಯಲ್ಲಿರುವ ಮಾಲೀಕರ ಹೆಸರೂ ಸಿಗುತ್ತದೆ. ಅಲ್ಲಿ ಸರ್ವೆ ನಂಬರ್ ಜೊತೆ ಸೇರುವ ಗುರುತಿಗೆ 'ಸರ್ನಾಕ್' ಅಂತ ಒಂದು ಖಾನೆ ಇದೆ, ತುಂಬ ಜನ ಅದನ್ನು ನೋಡಿ ಗಾಬರಿಯಾಗುತ್ತಾರೆ. ಹೆಚ್ಚಿನ ಕಡೆ ಅದು ಬರೀ ನಕ್ಷತ್ರದ ಗುರುತು, ಒತ್ತಿ ಮುಂದೆ ಹೋಗಿ.

ಜಮೀನು ಕೊಳ್ಳುವವರಿಗೆ ಇದು ದೊಡ್ಡ ರಕ್ಷಣೆ. ಬೆಂಗಳೂರಿನಿಂದ ಗಂಡ ಹೆಂಡತಿ ಇಬ್ಬರು 2 ಎಕರೆ ಕೊಳ್ಳಲು ಬಂದಿದ್ದರು. ಬ್ರೋಕರ್ ಅವರಿಗೆ ರಸ್ತೆ ಪಕ್ಕದ ಮಾವಿನ ತೋಪು ತೋರಿಸಿದ್ದ. ತೋಪಿನ ಮಧ್ಯೆ ನಿಂತು ಆ್ಯಪ್ ನೋಡಿದರೆ ನಂಬರೇ ಬೇರೆ. ಕಾಗದದಲ್ಲಿದ್ದ ಜಮೀನು ಅರ್ಧ ಕಿಲೋಮೀಟರ್ ಒಳಗೆ, ಕೆರೆ ಅಂಗಳದ ಪಕ್ಕ. ಅಲ್ಲಿಗೆ ಗಾಡಿ ದಾರಿಯೂ ಇಲ್ಲ. ಅಡ್ವಾನ್ಸ್ ಕೊಡುವ ಹಿಂದಿನ ದಿನ ಅವರಿಗೆ ಇದು ಗೊತ್ತಾಯಿತು. ಆ ಹೆಣ್ಣುಮಗಳು ಕಲ್ಲಿನ ಮೇಲೆ ಕೂತು ಸುಮಾರು ಹೊತ್ತು ಮಾತೇ ಆಡಲಿಲ್ಲ.

ಆದರೆ ಇದೇ ಆ್ಯಪ್ ಹಿಡಿದು ಬೇಲಿ ಹಾಕಬೇಡಿ. ಯಾಕೆ ಅಂತ ಲೆಕ್ಕದಲ್ಲೇ ಹೇಳುತ್ತೇನೆ.

ಆ್ಯಪ್‌ನಲ್ಲಿ ಕಾಣುವ ಗೆರೆಗಳು ಗ್ರಾಮ ನಕ್ಷೆಯಿಂದ ಬಂದವು. ನಮ್ಮ ಗ್ರಾಮ ನಕ್ಷೆಗಳು 1:7920 ಅಳತೆಯವು. ಅಂದರೆ ನಕ್ಷೆಯ ಒಂದು ಇಂಚಿಗೆ ನೆಲದ ಮೇಲೆ 660 ಅಡಿ. ಕಾಗದದ ಮೇಲೆ ಗೆರೆ 1 ಮಿಲಿಮೀಟರ್ ಸರಿದರೆ ನೆಲದ ಮೇಲೆ 26 ಅಡಿ ಸರಿದ ಹಾಗೆ. ತೆಂಗಿನ ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಬಿಡುವ ಜಾಗವೇ ಸುಮಾರು ಅಷ್ಟು, ಅಲ್ವಾ?

ಇನ್ನು ಫೋನು. ಬಯಲಿನಲ್ಲೂ ಫೋನಿನ ಜಿಪಿಎಸ್ 5 ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ. ತೋಟದ ನೆರಳಲ್ಲಿ ಇನ್ನೂ ಜಾಸ್ತಿ. 5 ಮೀಟರ್ ಅಂದರೆ 16 ಅಡಿ. ನಿಮ್ಮ ಗಡಿ 300 ಅಡಿ ಉದ್ದ ಇದ್ದರೆ 4,800 ಚದರ ಅಡಿ ಆಯಿತು. ಗುಂಟೆಗೆ 1,089 ಚದರ ಅಡಿಯಂತೆ 4 ಗುಂಟೆಗೂ ಹೆಚ್ಚು. ಇಷ್ಟಕ್ಕೆ ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ.

ಒಂದು ಮನೆಯಲ್ಲಿ ಹಾಗೇ ಆಯಿತು. ಹುಡುಗ ಫೋನು ಹಿಡಿದು ಗಡಿಯುದ್ದಕ್ಕೂ ನಡೆದ. ಚಿಕ್ಕಪ್ಪನ ಒಂದು ಸಾಲು ತೆಂಗು ತಮ್ಮದೇ ಅಂದ. ಜೆಸಿಬಿ ತರಿಸಿ ಟ್ರೆಂಚ್ ಹೊಡೆಸಿದ. "ನೀರು ಹೊತ್ತು ಸಾಕಿದ ಮರ ಕಣಪ್ಪ ಇವು" ಅಂತ ಚಿಕ್ಕಮ್ಮ ಬುಡಗಳ ಹತ್ತಿರ ನಿಂತು ಅತ್ತರಂತೆ. ನಾನು ಹೋಗಿದ್ದು ಆಮೇಲೆ. ಟಿಪ್ಪಣಿ (ಹಳೇ ಸರ್ವೆಯಲ್ಲಿ ಅಳತೆ ಬರೆದಿಟ್ಟ ನಕ್ಷೆ) ನಕಲು ಇಟ್ಟುಕೊಂಡು, ಪಕ್ಕದ ಎರಡು ಸರ್ವೆ ನಂಬರ್‌ಗಳ ಬಾಂದು ಕಲ್ಲುಗಳಿಂದ, ಅಂದರೆ ಗಡಿ ಕಲ್ಲುಗಳಿಂದ, ಚೈನು ಹಿಡಿದು ಬಂದೆವು. ಲೆಕ್ಕ ಹಳೇ ಕತ್ತಾಳೆ ಬೇಲಿಗೇ ಬಂದು ನಿಂತಿತು. ಅರ್ಧ ಅಡಿ ಅಗೆದಾಗ ಕಲ್ಲೂ ಸಿಕ್ಕಿತು. ಅಷ್ಟು ಹೊತ್ತಿಗೆ ಐದು ಮರಗಳ ಬೇರು ಕತ್ತರಿಸಿ ಹೋಗಿತ್ತು.

ಇದರಲ್ಲಿ ಆ್ಯಪ್‌ನದು ತಪ್ಪು ಅಂತ ನಾನು ಹೇಳುವುದಿಲ್ಲ. ಅದು ಗಡಿ ತೀರ್ಮಾನ ಮಾಡಲು ಮಾಡಿದ್ದಲ್ಲ. ಗಡಿ ಗೊತ್ತಾಗಬೇಕಾದರೆ ಹದ್ದುಬಸ್ತಿಗೆ, ಅಂದರೆ ಸರ್ವೆ ಇಲಾಖೆಯಿಂದ ಗಡಿ ಗುರುತಿಸಿಕೊಡಲು, ಅರ್ಜಿ ಹಾಕಬೇಕು. ಪಕ್ಕದವರಿಗೆ ನೋಟಿಸ್ ಹೋಗಬೇಕು, ಅವರ ಎದುರಿಗೇ ಅಳತೆ ಆಗಬೇಕು. ಸರ್ವೆಗೆ ಈಗ ಉಪಗ್ರಹದ ಸಂಕೇತ ಹಿಡಿದು ಜಾಗ ಹೇಳುವ ರೋವರ್ ಯಂತ್ರಗಳು ಬಂದಿವೆ, ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತವೆ. ಆದರೆ ರೋವರ್ ಹೇಳುವುದು ನೀವು ನಿಂತ ಜಾಗವನ್ನು. ಗಡಿ ಎಲ್ಲಿತ್ತು ಅನ್ನುವುದಕ್ಕೆ ಹಳೇ ಟಿಪ್ಪಣಿಯೇ ಬೇಕು.

ಆ್ಯಪ್ ಮಾಡಿದವರಲ್ಲಿ ನನ್ನದೊಂದು ಬೇಡಿಕೆ. ನಕ್ಷೆಯನ್ನು ದೊಡ್ಡದು ಮಾಡುತ್ತಾ ಹೋದಾಗ ಗೆರೆ ತೆಳ್ಳಗೇ ಇರುತ್ತದೆ. ನೋಡಿದವರಿಗೆ ಅದು ದಾರ ಕಟ್ಟಿದಷ್ಟು ಖಚಿತ ಅನ್ನಿಸುತ್ತದೆ. ಅದರ ಬದಲು ಗೆರೆಯನ್ನೇ ದಪ್ಪ ಮಾಡಿ, 26 ಅಡಿ ಅಗಲದ ಪಟ್ಟಿಯಾಗಿ ತೋರಿಸಿ. ಅದರ ಮೇಲೆ ಕನ್ನಡದಲ್ಲಿ ದೊಡ್ಡದಾಗಿ "ಗಡಿ ಈ ಪಟ್ಟಿಯೊಳಗೆ ಎಲ್ಲೋ ಇರಬಹುದು" ಅಂತ ಬರೆಯಿರಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ನನಗೆ ಸ್ಕ್ರೀನ್‌ಶಾಟ್ ಕಳಿಸುವವರಿಗೆ ಈಗ ಒಂದೇ ಮಾತು ಹೇಳುತ್ತೇನೆ. ನಾನು ಬರುವುದರೊಳಗೆ ಟಿಪ್ಪಣಿ ನಕಲು ತೆಗೆಸಿಡಿ. ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ, ಬಾಂದು ಕಲ್ಲು ಎಲ್ಲಿತ್ತು ಅಂತ ಇವತ್ತೇ ಕೇಳಿ.