ಬ್ಯಾಂಕಾಕಿಗೆ ಹೊರಟಿದ್ದೀರಾ? "ಇವತ್ತು ಅರಮನೆ ಬಂದ್" ಅಂದವರ ಹಿಂದೆ ಹೋಗಬೇಡಿ

ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ದುಡ್ಡು ಕೈಗೆ ಬಂದರೆ ಈಗ ಬ್ಯಾಂಕಾಕ್ ಮಾತು ಶುರು. ನಾನೂ ಭಾವನೂ ಹಾಗೇ ಹೋದವರು, ಒಂದೇ ದಿನದಲ್ಲಿ ಎರಡು ಸಲ ಬೇಸ್ತು ಬಿದ್ದೆವು. ನಮ್ಮ ಬೀದಿಯ ಇನ್ನೆರಡು ಮನೆಯವರು ಟಿಕೆಟ್ ಮಾಡಿಸಿದ್ದಾರೆ ಅಂತ ಗೊತ್ತಾಯಿತು, ಅದಕ್ಕೇ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಗ್ರ್ಯಾಂಡ್ ಪ್ಯಾಲೆಸ್ ಹತ್ತಿರ, ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಇಸ್ತ್ರಿ ಅಂಗಿ ಹಾಕಿದ್ದ ಒಬ್ಬ ನಗುನಗುತ್ತಾ ಬಂದು, "ಇಂಡಿಯಾನಾ? ಇವತ್ತು ಪೂಜೆ, ಎರಡು ಗಂಟೆವರೆಗೆ ಒಳಗೆ ಬಿಡಲ್ಲ" ಅಂತ ಇಂಗ್ಲಿಷಿನಲ್ಲಿ ಹೇಳಿದ. ನಮಗೆ ಅನುಮಾನವೇ ಬರಲಿಲ್ಲ. ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕೋದು ನಮಗೆ ಮಾಮೂಲಿ ಅಲ್ವಾ. ಪಕ್ಕದಲ್ಲೇ ಒಂದು ಟುಕ್ ಟುಕ್ ರೆಡಿ. ಊರೆಲ್ಲ ಸುತ್ತಿಸೋಕೆ 20 ಬಾತ್ ಅಂತೆ, ನಮ್ಮ 50 ರೂಪಾಯಿ ಚಿಲ್ಲರೆ. ಶಿವಮೊಗ್ಗ ಬಸ್ ಸ್ಟ್ಯಾಂಡಿನಿಂದ ವಿನೋಬನಗರಕ್ಕೇ ಆ ದುಡ್ಡಿಗೆ ಆಟೋ ಬರಲ್ಲ, ಇವನು ಯಾಕೆ ಬರುತ್ತಾನೆ ಅಂತ ಯೋಚಿಸಬೇಕಿತ್ತು. "ಏ ಹತ್ತು ಮಾರಾಯ" ಅಂದರು ಭಾವ. ಹತ್ತಿದೆ.

ಮೊದಲು ಒಂದು ಸಣ್ಣ ಬುದ್ಧನ ಗುಡಿ, ಆಮೇಲೆ ಸೂಟ್ ಹೊಲಿಯೋ ಅಂಗಡಿ, ಆಮೇಲೆ ಹರಳಿನ ಅಂಗಡಿ. ಗಿರಾಕಿ ತಂದವನಿಗೆ ಅಂಗಡಿಯವರು ಗ್ಯಾಸಿನ ಕೂಪನ್ನೋ ಕಮಿಷನ್ನೋ ಕೊಡುತ್ತಾರೆ, 20 ಬಾತ್ ಬರೀ ಗಾಳ. ಒಳಗೆ ಎಸಿ, ತಣ್ಣನೆ ನೀರು, "ರಿಯಾಯಿತಿ ಇವತ್ತೇ ಕೊನೆ" ಅನ್ನೋ ಮಾತು. ಅಕ್ಕನಿಗೆ ಅಂತ ಭಾವ 4,500 ಬಾತ್ ಕೊಟ್ಟು ಕೆಂಪು ಹರಳಿನ ಉಂಗುರ ತಗೊಂಡರು. ಊರಿಗೆ ಬಂದು ಗಾಂಧಿ ಬಜಾರಿನಲ್ಲಿ ಪರಿಚಯದ ಅಕ್ಕಸಾಲಿಗೆ ತೋರಿಸಿದರೆ, ಭೂತಗನ್ನಡಿ ಇಟ್ಟು ನೋಡಿ ಸುಮ್ನೆ ವಾಪಸ್ ಕೊಟ್ಟ. ಎಷ್ಟಕ್ಕೆ ತಂದ್ರಿ ಅಂತ ಕೂಡ ಕೇಳಲಿಲ್ಲ.

ಅಸಲಿಗೆ ಅರಮನೆ ಅವತ್ತು ತೆರೆದೇ ಇತ್ತು. ಸಾಮಾನ್ಯವಾಗಿ ಬೆಳಿಗ್ಗೆ 8.30ರಿಂದ ಮಧ್ಯಾಹ್ನ 3.30ರವರೆಗೆ ಟಿಕೆಟ್ ಕೊಡುತ್ತಾರೆ. ರಸ್ತೆಯಲ್ಲಿ ಯಾರು ಏನೇ ಹೇಳಲಿ, ಗೇಟಿನ ತನಕ ನಡೆದು ಅಲ್ಲಿನವರನ್ನೇ ಕೇಳಿ.

ಸಂಜೆ ಬುದ್ಧಿ ಬಂದು, ಚೈನಾಟೌನಿನ ಯಾವೊರಾತ್ ರಸ್ತೆಗೆ ಮೆಟ್ರೋ ಹಿಡಿದೆವು. ಅರಮನೆ ಕಡೆಯಿಂದ ಸನಾಮ್ ಚಾಯ್ ಸ್ಟೇಷನ್ನಿಗೆ ನಡೆದರೆ ಅಲ್ಲಿಂದ ಎರಡನೆಯದೇ ವಾಟ್ ಮಂಗ್ಕಾನ್. ಮೇಲೆ ಬಂದರೆ ಸಾಗರದ ಮಾರಿಜಾತ್ರೆಯಷ್ಟು ಜನ. ಒಂದು ಗಾಡಿಯಲ್ಲಿ ಹಸಿ ಪಪ್ಪಾಯ ತುರಿದು, ಮಣ್ಣಿನ ಒರಳಿಗೆ ಹಾಕಿ, ಮರದ ಕೋಲಿನಲ್ಲಿ ಟಕ್ ಟಕ್ ಅಂತ ಕುಟ್ಟುತ್ತಿದ್ದರು. ಸೊಮ್ ತಮ್ ಅಂತ ಹೆಸರು. ನಿಂಬೆರಸ, ಮೆಣಸಿನಕಾಯಿ, ಶೇಂಗಾ, ಬೆಲ್ಲ, ಥೇಟ್ ನಮ್ಮ ಕೋಸಂಬರಿಯ ತಮ್ಮ. ಭಾವನಿಗೆ ಸಿಗಡಿ ಆಗಲ್ಲ, ಮೈಯೆಲ್ಲ ದದ್ದು ಏಳುತ್ತದೆ. "ನೋ ಪ್ರಾನ್" ಅಂದೆ, ಆಯಮ್ಮ ನಕ್ಕು ತಲೆ ಆಡಿಸಿದರು. ಅರ್ಧ ತಟ್ಟೆ ಮುಗಿದ ಮೇಲೆ ಚಮಚದಲ್ಲಿ ಉಗುರಿನಷ್ಟು ಕಿತ್ತಳೆ ಬಣ್ಣದ್ದೇನೋ ಕಂಡಿತು, ನೋಡಿದರೆ ಅದಕ್ಕೆ ಕಣ್ಣಿದೆ. ಒಣ ಸಿಗಡಿ! ಹದಿನೈದು ನಿಮಿಷಕ್ಕೆ ಭಾವನ ತುಟಿ ಊದಿತು. ಮಾತ್ರೆ ಎಲ್ಲಿ ಅಂದರೆ ರೂಮಿನ ಬ್ಯಾಗಿನಲ್ಲಿ. ಪುಣ್ಯಕ್ಕೆ ಮೂಲೆಯಲ್ಲೇ ಔಷಧಿ ಅಂಗಡಿ ಇತ್ತು, ತುಟಿ ತೋರಿಸಿದ್ದೇ ಸಾಕಾಯಿತು, ಭಾಷೆ ಬೇಕಾಗಲಿಲ್ಲ.

ಅಲ್ಲಿ ಬರೀ ತರಕಾರಿ ಅಂದರೂ ನಂಬೋ ಹಾಗಿಲ್ಲ, ಉಪ್ಪಿನ ಬದಲು ನಾಮ್ ಪ್ಲಾ ಅನ್ನೋ ಮೀನಿನ ರಸ ಬೀಳುತ್ತದೆ. ಸಸ್ಯಾಹಾರಿಗಳು "ಜೇ" ಅಂತ ಕೇಳಿ. ಅಂಥ ಅಂಗಡಿಗೆ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ, ನಮ್ಮ ಕನ್ನಡ ಬಾವುಟದ್ದೇ ಬಣ್ಣ. ಅಕ್ಷರ 17 ಬರೆದ ಹಾಗೆ ಕಾಣುತ್ತದೆ. ಈರುಳ್ಳಿ ಬೆಳ್ಳುಳ್ಳಿಯೂ ಇರಲ್ಲ, ನಮ್ಮ ಅತ್ತೆ ಬಂದಿದ್ದರೆ ಖುಷಿಪಡುತ್ತಿದ್ದರು.

ಅಲರ್ಜಿ ಇದ್ದರೆ ಮಾತ್ರೆ ಜೇಬಿನಲ್ಲೇ ಇರಲಿ. ಮೋಸ ಹೋದರೆ ಟೂರಿಸ್ಟ್ ಪೊಲೀಸರ ನಂಬರ್ 1155. ಮಾರನೇ ದಿನ ಹೋಟೆಲಿನ ಹುಡುಗಿ ಹತ್ತಿರ "ಸಿಗಡಿ ಬೇಡ, ಒಣಗಿದ್ದೂ ಬೇಡ" ಅಂತ ಥಾಯ್ ಭಾಷೆಯಲ್ಲಿ ಒಂದು ಚೀಟಿ ಬರೆಸಿಕೊಂಡೆವು. ಅದರ ಫೋಟೋ ನನ್ನ ಹತ್ತಿರ ಇದೆ, ಬೇಕಾದವರು ಕೇಳಿ, ಕಳಿಸುತ್ತೇನೆ.