ಫ್ರಿಜ್ ಬಾಗಿಲಿನ ಡಿಟರ್ಜೆಂಟ್ ಪಟ್ಟಿ ನಂಬಿ ಪ್ರೋಟೀನ್ ಕಳೆದುಕೊಂಡೆ

ಮೆಂಬ್ರೇನ್ ಪ್ರೋಟೀನ್ (ಜೀವಕೋಶದ ಪೊರೆಯಲ್ಲಿ ಹುದುಗಿರುವ ಪ್ರೋಟೀನ್) ಜೊತೆ ಕೆಲಸ ಮಾಡುವವರು ದಯವಿಟ್ಟು ಇದನ್ನು ಓದಿ. ಈಗಷ್ಟೇ ಲ್ಯಾಬ್ ಸೇರಿದವರಂತೂ ಓದಲೇಬೇಕು.

ಹೋದ ತಿಂಗಳು 12 ಲೀಟರ್ ಈ. ಕೋಲೈ ಕಲ್ಚರ್‌ನಿಂದ ತೆಗೆದ ಪ್ರೋಟೀನ್ ಒಂದೇ ಸಂಜೆಯಲ್ಲಿ ಹಾಳಾಯಿತು. ಮೆಂಬ್ರೇನ್ ಬೇರೆ ಮಾಡಿ, ಡಿಡಿಎಂ ಎಂಬ ಡಿಟರ್ಜೆಂಟ್‌ನ 1% ದ್ರಾವಣದಲ್ಲಿ ಕರಗಿಸಿ, ಪ್ರೋಟೀನ್ ಹಿಡಿದಿಟ್ಟು ಶುದ್ಧ ಮಾಡುವ ನಿಕಲ್ ಕಾಲಂಗೆ ಹಾಕುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ಮುಂದೆ ಪ್ರೋಟೀನನ್ನು ಲಿಪಿಡ್ ಗುಳ್ಳೆಗಳೊಳಗೆ ಸೇರಿಸಬೇಕಿತ್ತು. ಡಿಟರ್ಜೆಂಟ್ ಅಣುಗಳು ಒಟ್ಟುಗೂಡಿ ಮಿಸೆಲ್ ಎಂಬ ಪುಟ್ಟ ಗುಂಪು ಕಟ್ಟಲು ಬೇಕಾದ ಕನಿಷ್ಠ ಸಾಂದ್ರತೆಗೆ ಸಿಎಂಸಿ ಅನ್ನುತ್ತಾರೆ. ಡಿಡಿಎಂನ ಸಿಎಂಸಿ ನೀರಿನಲ್ಲಿ 0.17 ಮಿಲಿಮೋಲಾರ್ ಅಷ್ಟೇ. ಸಿಎಂಸಿ ಇಷ್ಟು ಕಡಿಮೆ ಇದ್ದರೆ ಅದನ್ನು ಡಯಾಲಿಸಿಸ್‌ನಲ್ಲಿ (ಸಣ್ಣ ರಂಧ್ರಗಳ ಪೊರೆಯ ಮೂಲಕ ಹೊರಬಿಟ್ಟು) ತೆಗೆಯುವುದು ಬಹಳ ಕಷ್ಟ. ಆಕ್ಟೈಲ್ ಗ್ಲೂಕೋಸೈಡ್ ಎಂಬ ಡಿಟರ್ಜೆಂಟ್ ಆದರೆ ಸುಲಭವಾಗಿ ಹೊರಗೆ ಹೋಗುತ್ತದೆ. ಹಾಗಾಗಿ ಕಾಲಂ ಮೇಲೆಯೇ ಡಿಟರ್ಜೆಂಟ್ ಬದಲಿಸೋಣ ಅಂದುಕೊಂಡೆ.

ಎಷ್ಟು ಹಾಕಬೇಕು? ನಮ್ಮ ಫ್ರಿಜ್ ಬಾಗಿಲಿಗೆ ಡಿಟರ್ಜೆಂಟ್‌ಗಳ ಸಿಎಂಸಿ ಪಟ್ಟಿಯೊಂದನ್ನು ಅಂಟಿಸಿದ್ದರು. ಲ್ಯಾಮಿನೇಷನ್ ಮಾಡಿದ್ದು, ಅಂಚು ಹಳದಿಯಾಗಿತ್ತು. ಯಾರು ಎಲ್ಲಿಂದ ಇಳಿಸಿಕೊಂಡರೋ, ಅದರಲ್ಲಿ ಬರೆದಿರಲಿಲ್ಲ. ಆಕ್ಟೈಲ್ ಗ್ಲೂಕೋಸೈಡ್ ಎದುರು 9 ಮಿಲಿಮೋಲಾರ್ ಎಂದಿತ್ತು. ಸ್ವಲ್ಪ ಜಾಸ್ತಿಯೇ ಇರಲಿ ಎಂದು 12 ತೆಗೆದುಕೊಂಡೆ. ಲೀಟರಿಗೆ 3.5 ಗ್ರಾಂ ತೂಗಿ ಬಫರ್ ಮಾಡಿದೆ.

ಮೊದಲ ಟ್ಯೂಬ್ ತಿಳಿಯಾಗಿ ಬಂತು. ಎರಡನೆಯದು ನೀರುಮಜ್ಜಿಗೆ ಥರ ಇತ್ತು. ಮೂರನೆಯದಕ್ಕೆ ಬರುವಾಗ ಕಾಲಂನಿಂದ ಹನಿ ಬೀಳುವುದೇ ನಿಂತಿತು. ಸೆಂಟ್ರಿಫ್ಯೂಜ್ ಮಾಡಿದೆ. ಟ್ಯೂಬಿನ ತಳದಲ್ಲಿ ಬಿಳಿ ಗಸಿ, ಮೇಲಿನ ದ್ರವದಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೋಲ್ಡ್ ರೂಮಿನಲ್ಲಿ ಆ ಟ್ಯೂಬ್ ಹಿಡಿದುಕೊಂಡು ತುಂಬಾ ಹೊತ್ತು ನಿಂತಿದ್ದೆ.

ಮಾರನೇ ದಿನ ನಮ್ಮ ಗೈಡ್ ನೋಟ್‌ಬುಕ್ ನೋಡಿ ಕೇಳಿದ್ದು ಒಂದೇ ಮಾತು: "ಈ ಒಂಬತ್ತು ಎಲ್ಲಿಂದ ಬಂತಮ್ಮಾ?"

ಒಂಬತ್ತು ಬಂದಿದ್ದು ಆಕ್ಟೈಲ್ ಥಯೋಗ್ಲೂಕೋಸೈಡ್‌ನಿಂದ. ಅದು ಬೇರೆಯೇ ಡಿಟರ್ಜೆಂಟ್, ಒಂದು ಆಮ್ಲಜನಕದ ಜಾಗದಲ್ಲಿ ಗಂಧಕ ಇರುತ್ತದೆ. ಪಟ್ಟಿ ನಕಲು ಮಾಡುವಾಗ 'ಥಯೋ' ಬಿಟ್ಟುಹೋಗಿದೆ. ಆಕ್ಟೈಲ್ ಗ್ಲೂಕೋಸೈಡ್‌ನ ನಿಜವಾದ ಸಿಎಂಸಿ 18ರಿಂದ 20 ಮಿಲಿಮೋಲಾರ್, ಅಂದರೆ ಸುಮಾರು 0.53%. ನನ್ನ ಬಫರಿನಲ್ಲಿ ಮಿಸೆಲ್ ಕಟ್ಟುವಷ್ಟು ಡಿಟರ್ಜೆಂಟ್ ಇರಲೇ ಇಲ್ಲ. ನೀರು ಕಂಡರಾಗದ ಭಾಗಗಳನ್ನು ಮುಚ್ಚುವವರಿಲ್ಲದೆ ಪ್ರೋಟೀನ್ ಒಂದಕ್ಕೊಂದು ಅಂಟಿಕೊಂಡು ಗಡ್ಡೆಯಾಯಿತು.

ಪಟ್ಟಿಯಲ್ಲಿ ಸಂಖ್ಯೆ ಸರಿಯಾಗಿಯೇ ಇದ್ದರೂ ಸಾಲದು. ಯಾವ ದ್ರಾವಣದಲ್ಲಿ, ಎಷ್ಟು ಉಪ್ಪಿನಲ್ಲಿ, ಯಾವ ಉಷ್ಣತೆಯಲ್ಲಿ ಅಳೆದದ್ದು ಅನ್ನುವುದು ಪಕ್ಕದಲ್ಲಿ ಇರಬೇಕು. ಎಸ್‌ಡಿಎಸ್ ಎಂಬ ಡಿಟರ್ಜೆಂಟನ್ನೇ ತೆಗೆದುಕೊಳ್ಳಿ. ನೀರಿನಲ್ಲಿ ಅದರ ಸಿಎಂಸಿ ಸುಮಾರು 8 ಮಿಲಿಮೋಲಾರ್. 100 ಮಿಲಿಮೋಲಾರ್ ಉಪ್ಪು ಹಾಕಿದರೆ 1.5ರ ಆಸುಪಾಸಿಗೆ ಇಳಿಯುತ್ತದೆ. ಎಸ್‌ಡಿಎಸ್ ತಲೆಗಳಲ್ಲಿ ಋಣ ವಿದ್ಯುತ್ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಸೋಡಿಯಂ ಆ ತಳ್ಳಾಟ ಕಡಿಮೆ ಮಾಡುತ್ತದೆ, ಮಿಸೆಲ್ ಬೇಗ ಕಟ್ಟುತ್ತದೆ. ಸೋಡಿಯಂ ಬದಲು ಪೊಟ್ಯಾಸಿಯಂ ಇದ್ದರೆ ಎಸ್‌ಡಿಎಸ್ ಬಿಳಿ ಪುಡಿಯಾಗಿ ಕೆಳಗೇ ಕೂರುತ್ತದೆ. ಡಿಡಿಎಂನಂಥ ವಿದ್ಯುತ್ ಇಲ್ಲದವು ಉಪ್ಪಿಗೆ ಇಷ್ಟೊಂದು ಅಲುಗಾಡುವುದಿಲ್ಲ.

ಹೆಸರಿನ ಗೊಂದಲದಲ್ಲಿ ಎನ್‌ಪಿ-40 ಎಂಬ ಡಿಟರ್ಜೆಂಟಿನಷ್ಟು ಮೋಸ ಮಾಡುವುದು ಇನ್ನೊಂದಿಲ್ಲ. ಹಳೇ ಪ್ರೋಟೋಕಾಲ್‌ಗಳಲ್ಲಿ ಬರುವ ನೋನಿಡೆಟ್ ಪಿ-40 ಶೆಲ್ ಕಂಪನಿಯದು, ಅದು ನಿಂತು ಬಹಳ ಕಾಲವಾಯಿತು. ಈಗ ಆ ಜಾಗದಲ್ಲಿ ಸಾಮಾನ್ಯವಾಗಿ ಸಿಗುವುದು ಇಗೆಪಾಲ್ ಸಿಎ-630. ಅದರ ತಲೆಯ ಸರಪಳಿಯಲ್ಲಿ ಸುಮಾರು 9 ಎಥಿಲೀನ್ ಆಕ್ಸೈಡ್ ಕೊಂಡಿಗಳಿವೆ. ಟರ್ಜಿಟಾಲ್ ಎನ್‌ಪಿ-40 ಎಂದು ಇನ್ನೊಂದಿದೆ, ಅದರಲ್ಲಿ 40 ಕೊಂಡಿಗಳು. ಹೆಸರು ನೋಡಿ ಇದನ್ನು ತರಿಸಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಕ್ಯಾಸ್ ಸಂಖ್ಯೆ (ರಾಸಾಯನಿಕಗಳ ಗುರುತಿನ ಸಂಖ್ಯೆ) ನೋಡಿದೆ, ಸಾಕು ಅನ್ನಬೇಡಿ. ಇಂಥ ಡಿಟರ್ಜೆಂಟ್‌ಗಳಲ್ಲಿ ಸರಪಳಿಯ ಉದ್ದ ಬೇರೆ ಇದ್ದರೂ ಕ್ಯಾಸ್ ಸಂಖ್ಯೆ ಒಂದೇ ಇರಬಹುದು.

ಮಿಸೆಲ್ ಗಾತ್ರವನ್ನೂ ನೋಡಿಕೊಳ್ಳಿ. ಡಿಡಿಎಂ ಮಿಸೆಲ್ ಸುಮಾರು 70 ಕಿಲೋಡಾಲ್ಟನ್. 50 ಕಿಲೋಡಾಲ್ಟನ್‌ಗಿಂತ ದೊಡ್ಡದನ್ನು ತಡೆಯುವ ಫಿಲ್ಟರ್‌ನಲ್ಲಿ ಪ್ರೋಟೀನ್ ಸಾಂದ್ರ ಮಾಡಿದರೆ ಡಿಟರ್ಜೆಂಟೂ ಸುಮ್ನೆ ಜೊತೆಗೆ ಸೇರಿಕೊಳ್ಳುತ್ತಾ ಹೋಗುತ್ತದೆ.

ಈಗ ನಾವು ಹೊಸ ಡಿಟರ್ಜೆಂಟ್ ಬಂದಾಗಲೆಲ್ಲ ನಮ್ಮದೇ ಬಫರಿನಲ್ಲಿ ಸಿಎಂಸಿ ಅಳೆಯುತ್ತೇವೆ. ಮಿಸೆಲ್ ಒಳಗೆ ಸೇರಿದಾಗ ಹೊಳೆಯುವ ಎಎನ್‌ಎಸ್ ಬಣ್ಣ ಹಾಕಿ, ಡಿಟರ್ಜೆಂಟ್ ಹಂತ ಹಂತವಾಗಿ ಹೆಚ್ಚಿಸಿ, ಫ್ಲೋರೋಮೀಟರ್‌ನಲ್ಲಿ ಓದುತ್ತೇವೆ. ಮಿಸೆಲ್ ಕಟ್ಟುವವರೆಗೆ ಬೆಳಕು ಮಂಕಾಗಿರುತ್ತದೆ, ಕಟ್ಟಿದ ಕೂಡಲೇ ಗೆರೆ ಮೇಲಕ್ಕೆ ತಿರುಗುತ್ತದೆ. ಒಂದು ಮಧ್ಯಾಹ್ನದ ಕೆಲಸ. ನಮ್ಮ ಆಕ್ಟೈಲ್ ಗ್ಲೂಕೋಸೈಡ್ ಗೆರೆ 19ರ ಹತ್ತಿರ ತಿರುಗಿತು. ಬಾಟಲಿ ಮೇಲೆ ಲಾಟ್ ಸಂಖ್ಯೆ, ಬಫರ್, ಉಷ್ಣತೆ, ದಿನಾಂಕ ಎಲ್ಲವನ್ನೂ ಬರೆದಿಟ್ಟಿದ್ದೇವೆ.

ಫ್ರಿಜ್ ಮೇಲಿನ ಪಟ್ಟಿಯನ್ನು ಕಿತ್ತು ಹಾಕಿದೆ. ನಿಮ್ಮ ಲ್ಯಾಬಿನಲ್ಲೂ ಅಂಥದ್ದು ಇದ್ದರೆ ಇವತ್ತೇ ಆಕ್ಟೈಲ್ ಗ್ಲೂಕೋಸೈಡ್ ಸಾಲು ನೋಡಿ. ಅಲ್ಲಿ 9 ಎಂದಿದ್ದರೆ ಅದು ನಮ್ಮಲ್ಲಿದ್ದ ಪಟ್ಟಿಯದ್ದೇ ನಕಲು ಇರಬಹುದು.